ಕಲ್ಪಿತ ವಾಸ್ತವವೂ ನಗರದ ಅಪರಾಧವೂ

ಅಪರಾಧವು ನಡೆದುಹೋದ ಮೇಲೆ ಅಪರಾಧಿಯನ್ನು ಹಿಡಿದು ಶಿಕ್ಷಿಸುವುದು ರಾಜ್ಯಾಡಳಿತದ ಒಂದು ಕರ್ತವ್ಯ. ಅದು ನಡೆಯದಂತೆಯೇ ನೋಡಿಕೊಳ್ಳುವುದು ಅದಕ್ಕಿಂತ ಹಿರಿದಾದ ಕರ್ತವ್ಯ. ಮೊದಲನೆಯದಕ್ಕಾಗಿ ಪೋಲೀಸು, ನ್ಯಾಯಸ್ಥಾನ, ಸೆರೆಮನೆ ಎಂಬ ಮೂರು ಅಂಗಗಳನ್ನು ಬೆಳೆಸುತ್ತ ಬಂದಿರುವ ನಮ್ಮ ಸರ್ಕಾರಗಳು ಎರಡನೆಯದಕ್ಕೆ ಕೊಟ್ಟ ಗಮನವು ಅಲ್ಪವೆಂದೇ ಹೇಳಬೇಕು. ಪಾಶ್ಚಾತ್ಯ ದೇಶಗಳ ಕೆಲವು ವಿದ್ವಾಂಸರು ಈಚಿನ ವರ್ಷಗಳಲ್ಲಿ ಈ ಎರಡನೆಯ ಕರ್ತವ್ಯಕ್ಕೆ ಸಹಾಯಕವಾಗಬಹುದಾದ ಹೊಸದೊಂದು ಸಾಧನವನ್ನು ಪರೀಕ್ಷಿಸುತ್ತಿದ್ದಾರೆ. ಅದಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಕಲ್ಪಿತ ವಾಸ್ತವವೆನ್ನಬಹುದು. ಈ ಸಾಧನವು ಇಂದಲ್ಲದಿದ್ದರೆ ನಾಳೆ ನಮ್ಮ ರಾಜ್ಯದ ಪೋಲೀಸು ಇಲಾಖೆಯ ಬಾಗಿಲಿಗೂ ಬರತಕ್ಕದ್ದೇ. ಬಂದಾಗ ಅದನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಯಾವ ಕೆಲಸಕ್ಕೆ ಹಚ್ಚಕೂಡದು ಎಂಬುದನ್ನು ಅಧಿಕಾರಿಗಳೂ ಮಹಾಜನರೂ ಮುಂಚಿತವಾಗಿ ಆಲೋಚಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಯಂತ್ರವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಕಣ್ಣುಗಳನ್ನು ಪೂರ್ತಿಯಾಗಿ ಮುಚ್ಚುವ ದೊಡ್ಡ ಕನ್ನಡಕದಂತಹ ಹೆಡ್‌ಸೆಟ್ಟೊಂದನ್ನು ತಲೆಗೆ ಕಟ್ಟಿಕೊಂಡರೆ, ಒಂದೊಂದು ಕಣ್ಣಿಗೂ ಬೇರೆ ಬೇರೆಯಾಗಿ ತೋರುವ ಚಿತ್ರಗಳು ಮನಸ್ಸಿನಲ್ಲಿ ಒಂದುಗೂಡಿ, ನಾವು ಯಾವುದೋ ಬೀದಿಯಲ್ಲಿಯೋ ಮನೆಯಲ್ಲಿಯೋ ನಿಂತಿರುವಂತೆ ಭಾಸವಾಗುತ್ತದೆ. ತಲೆಯನ್ನು ತಿರುಗಿಸಿದರೆ ದೃಶ್ಯವೂ ತಿರುಗುತ್ತದೆ. ಮುಂದಕ್ಕೆ ನಡೆದರೆ ಬೀದಿಯೂ ಮುಂದುವರಿಯುತ್ತದೆ. ಮಯನು ಪಾಂಡವರಿಗೆ ಕಟ್ಟಿಕೊಟ್ಟ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ನಗೆಗೀಡಾದ ಕಥೆಯು ನಮ್ಮ ಮಕ್ಕಳಿಗೂ ಗೊತ್ತಿರುವುದಷ್ಟೆ. ಅಂದು ಕಲಹಕ್ಕೆ ಬೀಜವಾದ ಅಂಥದೇ ಭ್ರಮೆಯನ್ನು ಇಂದಿನ ವಿದ್ವಾಂಸರು ಅರಿವಿಗೆ ಬೀಜವಾಗಿಸಲು ಯತ್ನಿಸುತ್ತಿದ್ದಾರೆ. ಈ ಕಲ್ಪಿತ ಬೀದಿಯಲ್ಲಿ ನಡೆದವನು ಎತ್ತ ನೋಡಿದನು, ಎಲ್ಲಿ ತಡೆದು ನಿಂತನು, ಯಾವ ಮನೆಯನ್ನು ಬಿಟ್ಟು ಯಾವುದನ್ನು ಆರಿಸಿಕೊಂಡನು ಎಂಬುದೆಲ್ಲವನ್ನೂ ಯಂತ್ರವು ಬರೆದಿಟ್ಟುಕೊಳ್ಳುತ್ತದೆ. ಇದರ ಉಪಯೋಗವಿರುವುದು ಅಲ್ಲಿಯೇ.

ಏಕೆಂದರೆ, ಕಳ್ಳತನವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡುವುದಕ್ಕೆ ಇದುವರೆಗೆ ಒಂದು ದೊಡ್ಡ ಅಡಚಣೆಯಿತ್ತು. ವೈದ್ಯನು ರೋಗಿಯ ನಾಡಿಯನ್ನು ರೋಗವಿರುವಾಗಲೇ ಹಿಡಿದು ನೋಡಬಲ್ಲನು. ಅಪರಾಧಶಾಸ್ತ್ರಜ್ಞನು ಕಳ್ಳನನ್ನು ಕಳ್ಳತನದ ಹೊತ್ತಿನಲ್ಲಿ ನೋಡಲಾರನು. ಸಿಕ್ಕಿಬಿದ್ದವನನ್ನು ಸೆರೆಮನೆಯಲ್ಲಿ ಕೂರಿಸಿಕೊಂಡು ಕೇಳಿದರೆ ಅವನು ನೆನಪಿನಿಂದ ಹೇಳುತ್ತಾನೆ. ನೆನಪಿಗೆ ಮರೆವೂ ಉಂಟು, ಜಂಬವೂ ಉಂಟು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ಕ್ಲೇರ್ ನೀ ಎಂಬ ವಿದುಷಿಯೂ ಅವರ ಸಂಗಡಿಗರೂ ಹಿಂದೆ ಮನೆಗಳ್ಳತನ ಮಾಡಿದ್ದ ಕೆಲವರನ್ನು ಒಂದು ನಿಜವಾದ ಮನೆಗೂ, ಗಣಕಯಂತ್ರದಲ್ಲಿ ರಚಿಸಿದ ಅದೇ ಬಗೆಯ ಮನೆಗೂ ಬಿಟ್ಟು ನೋಡಿದರು. ೨೦೧೫ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಭಾಗವಹಿಸಿದವರು ಬೆರಳೆಣಿಕೆಯ ಮಂದಿ ಮಾತ್ರ. ಆದರೂ ಎರಡು ಸಂಗತಿಗಳು ತಿಳಿದುಬಂದವು. ಕಲ್ಪಿತ ಮನೆಯಲ್ಲಿ ಅವರ ನಡೆಯು ನಿಜವಾದ ಮನೆಯಲ್ಲಿದ್ದಂತೆಯೇ ಇದ್ದಿತು. ವಿದ್ಯಾರ್ಥಿಗಳಿಗೂ ಅವರಿಗೂ ಹೋಲಿಸಿದರೆ, ಪಳಗಿದವರು ಬೆಲೆಬಾಳುವ ವಸ್ತುಗಳಿರುವ ಎಡೆಗಳಲ್ಲಿಯೇ ಹೆಚ್ಚು ಹೊತ್ತು ಕಳೆದು, ಕೆಲವೇ ವಸ್ತುಗಳನ್ನು ಆರಿಸಿಕೊಂಡರು. ಕಳ್ಳತನವೂ ಒಂದು ಪಳಗಿದ ಕಸುಬೇ, ಕಸುಬುದಾರನ ಕಣ್ಣು ಬೇರೆ, ಗೃಹಸ್ಥನ ಕಣ್ಣು ಬೇರೆ ಎಂಬ ಹಳೆಯ ಅನುಭವದ ಮಾತಿಗೆ ಹೀಗೆ ಶಾಸ್ತ್ರದ ಆಧಾರ ದೊರೆಯಿತು.

ಇದಕ್ಕಿಂತ ಮುಖ್ಯವಾದುದು ಹಾಲೆಂಡಿನಿಂದ ಬಂದ ಫಲಿತಾಂಶ. ಈಗ ಜರ್ಮನಿಯ ಫ್ರೈಬುರ್ಗ್ ಪಟ್ಟಣದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿರುವ ಜಾನ್ ಲೂಯಿ ಫಾನ್ ಗೆಲ್ಡರ್ ಅವರೂ ಅವರ ಜತೆಗಾರರೂ ಕಲ್ಪಿತ ವಾಸ್ತವದಲ್ಲಿ ಒಂದು ವಸತಿ ಬಡಾವಣೆಯನ್ನೇ ರಚಿಸಿ, ಸೆರೆಯಲ್ಲಿದ್ದ ಮನೆಗಳ್ಳರನ್ನೂ ಸಾಮಾನ್ಯ ನಾಗರಿಕರನ್ನೂ ಅದರೊಳಗೆ ಅಡ್ಡಾಡಿಸಿದರು. ೨೦೨೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು ಕಂಡುಕೊಂಡುದೇನೆಂದರೆ, ಬೀದಿಯಲ್ಲಿ ಸಾಮಾನ್ಯ ಜನರು ಇರುವುದೊಂದೇ ಕಳ್ಳನನ್ನು ಹಿಮ್ಮೆಟ್ಟಿಸುತ್ತದೆ. ಅವರು ಪೋಲೀಸರಾಗಿರಬೇಕಾದುದಿಲ್ಲ, ಕೋಲು ಹಿಡಿದಿರಬೇಕಾದುದೂ ಇಲ್ಲ. ಅಮೆರಿಕದ ಕೋಹೆನ್ ಮತ್ತು ಫೆಲ್ಸನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ೧೯೭೯ರಲ್ಲಿಯೇ, ಅಪರಾಧಕ್ಕೆ ಮೂರು ಸೇರಬೇಕು ಎಂದು ಪ್ರತಿಪಾದಿಸಿದ್ದರು: ಮನಸ್ಸು ಮಾಡಿದವನೊಬ್ಬ, ಕೈಗೆ ಎಟುಕುವ ಗುರಿಯೊಂದು, ಮತ್ತು ಕಾಯುವವರ ಅಭಾವ. ಈ ಮೂರರಲ್ಲಿ ಮೊದಲನೆಯದನ್ನು ತಿದ್ದುವುದು ಕಷ್ಟಸಾಧ್ಯ. ಮಿಕ್ಕ ಎರಡು ನಮ್ಮ ಕೈಯಲ್ಲಿವೆ. ಕಲ್ಪಿತ ಬೀದಿಯು ಆ ಎರಡನ್ನು ಒಂದೊಂದಾಗಿ ಬದಲಾಯಿಸಿ ನೋಡಲು ಅವಕಾಶವೀಯುತ್ತದೆ. ಇಂದು ದೀಪವಿಟ್ಟು ನೋಡಬಹುದು, ನಾಳೆ ದೀಪ ತೆಗೆದು ನೋಡಬಹುದು. ಗೋಡೆ ಎತ್ತರಿಸಬಹುದು, ತಗ್ಗಿಸಬಹುದು. ಒಂದು ಇಟ್ಟಿಗೆಯ ಖರ್ಚೂ ಇಲ್ಲ, ಯಾರ ಮನೆಗೂ ಕನ್ನ ಬೀಳುವುದಿಲ್ಲ.

ಈ ಫಲಿತಾಂಶವನ್ನು ಓದುವಾಗ ನಮ್ಮ ಹಿರಿಯರ ಮನೆಗಳ ಜಗುಲಿಯು ಕಣ್ಣ ಮುಂದೆ ಬಾರದಿರದು. ಬೀದಿಗೆ ಮುಖಮಾಡಿದ ಜಗುಲಿ, ಅದರ ಮೇಲೆ ಕುಳಿತು ಅಡಕೆ ಕತ್ತರಿಸುವ ಅಜ್ಜ, ಹೂ ಕಟ್ಟುವ ಅಜ್ಜಿ, ಎದುರು ಮನೆಯವರೊಡನೆ ಕಷ್ಟಸುಖದ ಮಾತು: ಇವೆಲ್ಲ ಕಾಲಹರಣವೆಂದು ತಿಳಿದ ಹೊಸ ನಾಗರಿಕತೆಯು, ಅದು ಊರಿನ ಉಚಿತ ಕಾವಲೂ ಆಗಿತ್ತೆಂಬುದನ್ನು ಮರೆಯಿತು. ಜೇನ್ ಜೇಕಬ್ಸ್ ಎಂಬ ಲೇಖಕಿಯು ೧೯೬೧ರಲ್ಲಿ ಅಮೆರಿಕದ ನಗರಗಳನ್ನು ಕುರಿತು ಬರೆದ ತಮ್ಮ ಗ್ರಂಥದಲ್ಲಿ, ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳೇ ಎಂದು ವಾದಿಸಿದರು. ಇಂದು ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಆಳೆತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು, ಒಳಗೆ ನಾಯಿ, ಬಾಗಿಲಿಗೆ ಕ್ಯಾಮರಾ. ಹೊರಗೆ ಮಾತ್ರ ನಿರ್ಜನವಾದ ಬೀದಿ. ಗೋಡೆಯೇರಿ ಒಳಹೊಕ್ಕ ಕಳ್ಳನಿಗೆ ಆ ಗೋಡೆಯೇ ಮರೆಯಾಗಿ ಉಪಕರಿಸುತ್ತದೆ. ಈ ವಿಷಯವನ್ನು ಗೃಹಸ್ಥರಿಗೂ ಪುರಸಭೆಯವರಿಗೂ ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ನಾಟದು. ಕಳ್ಳನ ಕಣ್ಣಿನಿಂದ ತಮ್ಮ ಬೀದಿಯನ್ನು ತಾವೇ ನೋಡುವಂತೆ ಮಾಡಿದರೆ ಒಂದು ಘಳಿಗೆಯಲ್ಲಿ ನಾಟೀತು.

ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ, ಮನೆಯ ಹೆಂಗಸಿನ ಮೇಲೆ ಕೈಮಾಡಿ ಶಿಕ್ಷೆಗೊಳಗಾದ ಗಂಡಸರಿಗೆ ಈ ಯಂತ್ರದ ಮೂಲಕ ಹೆಂಗಸಿನ ದೇಹದಲ್ಲಿ ತಾವಿರುವ ಭಾವನೆಯನ್ನು ಉಂಟುಮಾಡಿ, ಅಬ್ಬರಿಸುವ ಗಂಡಸೊಬ್ಬನನ್ನು ಎದುರು ನಿಲ್ಲಿಸಿದರು. ೨೦೧೮ರಲ್ಲಿ ಪ್ರಕಟವಾದ ವರದಿಯಂತೆ, ಅದುವರೆಗೆ ಹೆಂಗಸಿನ ಮುಖದಲ್ಲಿ ಭಯವನ್ನು ಗುರುತಿಸುವುದರಲ್ಲಿ ಹಿಂದುಳಿದಿದ್ದ ಅವರ ಶಕ್ತಿಯು ಈ ಅನುಭವದ ತರುವಾಯ ಉತ್ತಮಗೊಂಡಿತು. ಇದರಿಂದ ಅವರು ಮನೆಗೆ ಹೋಗಿ ಸದ್ಗೃಹಸ್ಥರಾದರೆಂದು ತಿಳಿಯಲಾಗದು. ಪ್ರಯೋಗಶಾಲೆಯ ಫಲ ಬೇರೆ, ಸಂಸಾರದ ಫಲ ಬೇರೆ. ಆದರೆ ನಗರದ ಅಪರಾಧವೆಂದರೆ ಬೀದಿಯಲ್ಲಿ ನಡೆಯುವುದು ಮಾತ್ರವೆಂದು ತಿಳಿದು, ಬಾಗಿಲು ಮುಚ್ಚಿದ ಮನೆಯೊಳಗೆ ನಡೆಯುವುದನ್ನು ಲೆಕ್ಕಕ್ಕೆ ತಾರದ ನಮ್ಮ ಅಧಿಕಾರಿವರ್ಗಕ್ಕೆ ಇದು ಒಳ್ಳೆಯ ಎಚ್ಚರಿಕೆ.

ಈಗ ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ೨೦೧೨ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ತರುವಾಯ ಕೇಂದ್ರ ಸರ್ಕಾರದವರು ೨೦೧೩ರ ಆಯವ್ಯಯದಲ್ಲಿ ನಿರ್ಭಯಾ ನಿಧಿಯನ್ನು ಸ್ಥಾಪಿಸಿದರು. ಆ ನಿಧಿಯಿಂದ ೨೦೧೮ರಲ್ಲಿ ಎಂಟು ಮಹಾನಗರಗಳಿಗೆ ಸುರಕ್ಷಿತ ನಗರ ಯೋಜನೆಯು ಮಂಜೂರಾಗಿ, ಬೆಂಗಳೂರಿನ ಪಾಲಿಗೆ ೬೬೭ ಕೋಟಿ ರೂಪಾಯಿಗಳ ಯೋಜನೆ ದೊರೆಯಿತು. ವೆಚ್ಚದಲ್ಲಿ ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಮೂರು ಸಾವಿರ ಎಡೆಗಳಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟು ಕ್ಯಾಮರಾಗಳನ್ನು ನೆಡುವುದು, ಅವೆಲ್ಲದರ ಚಿತ್ರವನ್ನು ಒಂದೇ ಕೇಂದ್ರದಲ್ಲಿ ಕುಳಿತು ನೋಡುವುದು ಇದರ ಮುಖ್ಯ ಭಾಗ. ೨೦೧೩ಕ್ಕೆ ಮೊದಲಿದ್ದ ಶೂನ್ಯಕ್ಕಿಂತ ಇದು ಮೇಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಮರಾವು ಸಾಕ್ಷಿ, ಕಾವಲುಗಾರನಲ್ಲ. ಈ ಎರಡರ ಅಂತರವನ್ನು ಬೆಂಗಳೂರು ತನ್ನ ರಕ್ತದಿಂದಲೇ ಕಲಿತಿದೆ.

೨೦೧೩ನೆಯ ನವೆಂಬರ್ ೧೯ರ ಬೆಳಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಂದರಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಬ್ಯಾಂಕಿನ ಅಧಿಕಾರಿಣಿಯೊಬ್ಬರು ಹಣ ತೆಗೆಯಲು ಒಳಹೊಕ್ಕಾಗ, ದುಷ್ಟನೊಬ್ಬನು ಹಿಂದೆಯೇ ನುಗ್ಗಿ, ಒಳಗಿನಿಂದ ಷಟರನ್ನು ಎಳೆದುಕೊಂಡು, ಮಚ್ಚಿನಿಂದ ಹೊಡೆದು, ದೋಚಿಕೊಂಡು ಹೋದನು. ನಗರದ ನಟ್ಟನಡುವೆ ಆ ತಾಯಿಯು ಬಹಳ ಹೊತ್ತಿನವರೆಗೆ ನೆತ್ತರಿನಲ್ಲಿ ಬಿದ್ದಿದ್ದರು. ಎಲ್ಲವನ್ನೂ ಕ್ಯಾಮರಾ ನೋಡಿತ್ತು. ದೇಶವೆಲ್ಲವೂ ದೂರದರ್ಶನದಲ್ಲಿ ಅದನ್ನು ನೋಡಿತು. ಆದರೂ ಅಪರಾಧಿಯು ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿದುದು ೨೦೧೭ರಲ್ಲಿ. ಬೆಂಗಳೂರಿನ ನ್ಯಾಯಸ್ಥಾನವು ಅವನಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿದುದು ೨೦೨೧ರಲ್ಲಿ. ಮೂರು ವರ್ಷಕ್ಕೂ ಮಿಕ್ಕಿದ ಕಾಲ ಸ್ಪಷ್ಟವಾದ ಚಿತ್ರವು ಪೋಲೀಸರ ಕೈಯಲ್ಲಿತ್ತು, ಮನುಷ್ಯನು ಕೈಯಲ್ಲಿರಲಿಲ್ಲ.

ಆ ಕೃತ್ಯದ ಮರುದಿನಗಳಲ್ಲಿ ಸರ್ಕಾರದವರು ಬ್ಯಾಂಕುಗಳಿಗೆ ತಾಕೀತು ಮಾಡಿದರು. ಕಾವಲಿಲ್ಲದ ಅನೇಕ ಎಟಿಎಂಗಳು ಮುಚ್ಚಲ್ಪಟ್ಟವು. ಕೋಪದ ಬಿಸಿಯಲ್ಲಿ ಮಾಡಿದ ಕೆಲಸವಾದುದರಿಂದ ಕೆಲವು ಸರಳ ಪ್ರಶ್ನೆಗಳು ಕೇಳಲ್ಪಡದೆ ಉಳಿದವು. ಒಳಹೊಕ್ಕವನು ಷಟರನ್ನು ಒಳಗಿನಿಂದ ಎಳೆದುಕೊಳ್ಳುವಂತಿರಬೇಕೇ? ಗಾಜಿನ ಬಾಗಿಲಿಗೆ ಜಾಹೀರಾತು ಅಂಟಿಸಿ ಹೊರಗಿನ ಕಣ್ಣಿಗೆ ಒಳಗನ್ನು ಮರೆಮಾಡಬಹುದೇ? ಯಂತ್ರದ ಮುಂದೆ ನಿಂತವರ ಬೆನ್ನು ಬಾಗಿಲ ಕಡೆಗಿರಬೇಕೇ, ಪಕ್ಕಕ್ಕಿರಬೇಕೇ? ಕರೆಗಂಟೆಯು ಎಷ್ಟು ಎತ್ತರದಲ್ಲಿದ್ದರೆ ಬಿದ್ದವರ ಕೈಗೂ ಎಟುಕೀತು? ಇವು ಸೇನಾನಿಗಳ ಪ್ರಶ್ನೆಗಳಲ್ಲ, ಬಡಗಿಯ ಮತ್ತು ಗಾರೆಯವನ ಪ್ರಶ್ನೆಗಳು. ಕಲ್ಪಿತ ಕೋಣೆಯೊಂದನ್ನು ರಚಿಸಿ, ಬೇರೆ ಬೇರೆ ಬಗೆಗಳಲ್ಲಿ ಅದನ್ನು ಬದಲಿಸಿ, ಒಪ್ಪಿ ಬಂದ ಹಳೆಯ ಅಪರಾಧಿಗಳನ್ನೂ ಬ್ಯಾಂಕಿನ ಗಿರಾಕಿಗಳನ್ನೂ ಅದರೊಳಗೆ ನಿಲ್ಲಿಸಿ ನೋಡಿದ್ದರೆ ಇವಕ್ಕೆ ಉತ್ತರ ದೊರೆಯುತ್ತಿತ್ತು. ಈ ವಿದ್ಯೆಯಿಂದ ನಾವು ನಿರೀಕ್ಷಿಸಬೇಕಾದುದು ಇಂತಹ ಉತ್ತರಗಳನ್ನೇ ಹೊರತು ಪವಾಡಗಳನ್ನಲ್ಲ.

ಬೆಂಗಳೂರಿನ ಈ ಚರ್ಚೆಯಿಂದ ತೊಂಡೇಬಾವಿಯಂತಹ ಊರಿಗೇನು ಎಂದು ಕೇಳುವವರು ಇರಬಹುದು. ನಮ್ಮ ಉತ್ತರವಿಷ್ಟೆ: ಬೆಂಗಳೂರು ಕೆಟ್ಟ ಮೇಲೆ ರಿಪೇರಿ ಮಾಡಿಕೊಳ್ಳುತ್ತಿದೆ; ತೊಂಡೇಬಾವಿಯು ಕೆಡುವ ಮುನ್ನವೇ ತಿದ್ದಿಕೊಳ್ಳಬಹುದು. ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರಗಳ ಮೇಲೆ ಗೌರಿಬಿದನೂರಿಗೂ ಹಿಂದೂಪುರಕ್ಕೂ ಹೋಗುವ ರೈಲುದಾರಿಯಲ್ಲಿ ಇದೊಂದು ನಿಲ್ದಾಣ. ಸಿಮೆಂಟ್ ಕಾರ್ಖಾನೆ ಬಂದ ಮೇಲೆ ಲಾರಿಗಳೂ ಪರಸ್ಥಳದ ಕೂಲಿಕಾರರೂ ಬಂದರು. ದೊಡ್ಡಬಳ್ಳಾಪುರದ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಬೆಂಗಳೂರಿನ ಕೆಲಸಗಳಿಗೂ ಹೋಗಿಬರುವ ಹೆಣ್ಣುಮಕ್ಕಳು ಈ ದಾರಿಯ ಊರೂರುಗಳಲ್ಲಿಯೂ ಇದ್ದಾರೆ. ಮುಂಜಾನೆಯ ಮಸುಕಿನಲ್ಲಿ ನಿಲ್ದಾಣಕ್ಕೆ ನಡೆಯುವ, ಕತ್ತಲಾದ ಮೇಲೆ ಅಲ್ಲಿಂದ ಮನೆಗೆ ಮರಳುವ ಈ ಹೆಣ್ಣುಮಕ್ಕಳ ದೃಷ್ಟಿಯಿಂದ ನಿಲ್ದಾಣದ ದಾರಿಯನ್ನು ನೋಡಿದ ಎಂಜಿನಿಯರು ಎಷ್ಟು ಮಂದಿ? ದೀಪದ ಕಂಬವನ್ನು ಎಲ್ಲಿ ನೆಡಬೇಕೆಂಬುದನ್ನು ಕಡತವು ನಿರ್ಣಯಿಸುತ್ತದೆ. ಎಲ್ಲಿ ಹೆಜ್ಜೆ ತಾನಾಗಿ ಬಿರುಸಾಗುತ್ತದೆಂಬುದನ್ನು ನಡೆಯುವವಳೇ ಬಲ್ಲಳು. ಕಲ್ಪಿತ ವಾಸ್ತವದಲ್ಲಿ ಈ ದಾರಿಯನ್ನು ರಚಿಸಿ ಅಧಿಕಾರಿಯನ್ನು ಆ ಹೊತ್ತಿನಲ್ಲಿ ಅಲ್ಲಿ ನಡೆಸಿದರೆ, ಕಂಬವು ಸರಿಯಾದ ಎಡೆಯನ್ನು ಸೇರುವ ಸಂಭವವುಂಟು. ಪರೀಕ್ಷೆಗೆ ಬೇಕಾದ ಹೆಡ್‌ಸೆಟ್ಟಿನ ಬೆಲೆಯು ಇಂದು ಕೆಲವು ಹತ್ತು ಸಾವಿರ ರೂಪಾಯಿಗಳ ಮಾತು. ದೃಶ್ಯವನ್ನು ರಚಿಸುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಲ್ಲರು.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳದಿದ್ದರೆ ನಾವು ಕರ್ತವ್ಯಭ್ರಷ್ಟರಾದೇವು. ಶಾಸ್ತ್ರದ ಹೆಸರಿನಲ್ಲಿ ಬಂದ ಸಾಧನವೊಂದಕ್ಕೆ ನಮ್ಮ ರಾಜ್ಯವು ಮರುಳಾದುದು ಹೊಸದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಶಾಲೆಯು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಮದ್ದು ಚುಚ್ಚಿ ಅರೆನಿದ್ರೆಯಲ್ಲಿ ನುಡಿಸಿದುದೆಲ್ಲ ಸತ್ಯವೆಂಬ ನಂಬುಗೆಯು ಪೋಲೀಸರಲ್ಲಿಯೂ ಪತ್ರಿಕೆಗಳಲ್ಲಿಯೂ ಹರಡಿತು. ಕೊನೆಗೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯವೆಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ನೆಯ ಮೇ ೫ರಂದು, ಮನುಷ್ಯನ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಮಿದುಳಿನ ನಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲಾತ್ಕರಿಸಕೂಡದೆಂಬ ಸಂವಿಧಾನದ ಇಪ್ಪತ್ತನೆಯ ವಿಧಿಯು ಆ ತೀರ್ಪಿನ ಒಂದು ಮುಖ್ಯ ಆಧಾರ. ಕಲ್ಪಿತ ಬೀದಿಯಲ್ಲಿ ಮನುಷ್ಯನ ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರವು ನಾಳೆ, ಇವನು ಕಳ್ಳನಂತೆ ನೋಡಿದನು, ಆದುದರಿಂದ ಇವನೇ ಕಳ್ಳ ಎಂದು ಹೇಳಲು ಉಪಯೋಗಿಸಲ್ಪಟ್ಟರೆ, ಮುಂಬಾಗಿಲಿನಿಂದ ಹೊರದೂಡಿದ ಪಾಪವು ಹಿಂಬಾಗಿಲಿನಿಂದ ಒಳಬಂದಂತಾಗುವುದು.

ಎರಡನೆಯ ಅಪಾಯವು ಇದಕ್ಕಿಂತಲೂ ಸೂಕ್ಷ್ಮವಾದುದು. ಕಲ್ಪಿತ ಬೀದಿಯಲ್ಲಿ ಪೋಲೀಸು ಪೇದೆಗೆ ತರಬೇತಿ ಕೊಡುವಾಗ ಅಲ್ಲಿ ಕಳ್ಳನ ಬೊಂಬೆಯೊಂದು ಬೇಕಾಗುತ್ತದೆ. ಅದರ ಮೈಬಣ್ಣವೇನು, ಉಡುಪೇನು, ನುಡಿಯೇನು? ಅದನ್ನು ಬರೆಯುವವರು ಯಾರು? ೧೮೭೧ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಹುಟ್ಟಿನಿಂದಲೇ ಕಳ್ಳರೆಂಬ ಮುದ್ರೆಯನ್ನು ಇಡೀ ಇಡೀ ಜಾತಿಗಳ ಹಣೆಗೆ ಒತ್ತಿತು. ಕನ್ನಡ ನಾಡಿನ ಕೊರಚರೇ ಮೊದಲಾದ ಶ್ರಮಜೀವಿಗಳು ಠಾಣೆಗೆ ಹಾಜರಿ ಹಾಕುತ್ತ, ಅಪ್ಪಣೆಯಿಲ್ಲದೆ ಊರು ಬಿಡಲಾರದೆ ತಲೆಮಾರುಗಳನ್ನು ಕಳೆದರು. ಸ್ವತಂತ್ರ ಭಾರತವು ೧೯೫೨ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಮುದ್ರೆಯು ಮನಸ್ಸುಗಳಿಂದ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹರಕು ಅಂಗಿಯವನನ್ನು, ಬೇರೆ ನುಡಿಯ ಕೂಲಿಕಾರನನ್ನು, ಗುಡಾರದಲ್ಲಿ ಬದುಕುವವನನ್ನು ಕಳ್ಳನ ಪಾತ್ರಕ್ಕೆ ನಿಲ್ಲಿಸಿ ಪೇದೆಗಳಿಗೆ ನೂರು ಸಲ ತೋರಿಸಿದರೆ, ನೂರ ಒಂದನೆಯ ಸಲ ನಿಜವಾದ ಬೀದಿಯಲ್ಲಿ ಅವರು ಯಾರ ಮೇಲೆ ಕೈಯಿಕ್ಕುವರೆಂಬುದನ್ನು ಹೇಳಬೇಕಾಗಿಲ್ಲ. ಹಳೆಯ ಕಾಯಿದೆಯನ್ನು ಶಾಸನಸಭೆಯಲ್ಲಿ ವಿರೋಧಿಸಬಹುದಾಗಿತ್ತು; ಬೊಂಬೆಯನ್ನು ಬರೆಯುವವನ ಪೂರ್ವಗ್ರಹವು ಯಾವ ಸಭೆಯ ಮುಂದೆಯೂ ಬರುವುದಿಲ್ಲ.

ಮೂರನೆಯದು ಗೋಪ್ಯತೆಯ ಪ್ರಶ್ನೆ. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ೨೦೧೭ನೆಯ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ ಸಾರಿದರಷ್ಟೆ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರ ಹೆಮ್ಮೆ. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಆಯಿತು. ಆದರೆ ಸರ್ಕಾರದ ಅಂಗಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅದೇ ಕಾಯಿದೆಯು ಸರ್ಕಾರಕ್ಕೆ ಕೊಟ್ಟಿದೆ. ೨೦೨೪ನೆಯ ಜುಲೈ ೧ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧನೆಗಳನ್ನು ಚಿತ್ರೀಕರಿಸಬೇಕು. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗುವ ವ್ಯವಸ್ಥೆಯೂ ಆಗಬೇಕು. ಈ ಚಿತ್ರಗಳಿಂದ ಕಲ್ಪಿತ ಸ್ಥಳವನ್ನು ರಚಿಸಿ ತನಿಖೆಗಾರರಿಗೆ ಕಲಿಸುವುದು ಒಳ್ಳೆಯದೇ. ಆದರೆ ಯಾರದೋ ಮನೆಯ ಮಲಗುವ ಕೋಣೆ, ಯಾರದೋ ಮಗಳ ಸಂಕಟ, ತರಬೇತಿಯ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗಕೂಡದು.

ಪೋಲೀಸಿನ ಬಲವು ಲಾಠಿಯಲ್ಲಿಯೂ ಇಲ್ಲ, ಯಂತ್ರದಲ್ಲಿಯೂ ಇಲ್ಲ, ಜನರ ವಿಶ್ವಾಸದಲ್ಲಿದೆ. ಈ ಪಾಠವನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ೧೯೩೮ನೆಯ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ರಾಷ್ಟ್ರಧ್ವಜಕ್ಕಾಗಿ ನೆರೆದ ಜನರ ಮೇಲೆ ಅಂದಿನ ಮೈಸೂರು ಸರ್ಕಾರದ ಪೋಲೀಸರು ಗುಂಡು ಹಾರಿಸಿದರು. ಹಲವರು ಅಸುನೀಗಿದರು. ಜನರ ಗುಂಪನ್ನು ಅಪರಾಧಿಗಳ ಗುಂಪೆಂದು ನೋಡಿದ ಕಣ್ಣಿನ ಫಲವದು. ಸ್ವರಾಜ್ಯದ ಪೋಲೀಸಿಗೆ ಆ ಕಣ್ಣು ಬೇಡ. ಯಾವ ಹೊಸ ಸಾಧನವೇ ಬರಲಿ, ಅದರಿಂದ ಪ್ರಜೆಗೂ ಪೇದೆಗೂ ನಡುವೆ ಗೋಡೆಯು ಏರಿತೋ ಇಳಿಯಿತೋ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಿರಬೇಕು.

ಹಾಗಾದರೆ ಬೇಡವೇ ಬೇಡವೆನ್ನೋಣವೇ? ಅದು ಹೇಡಿತನ. ಬೇಕೇ ಬೇಕೆಂದು ಕಣ್ಣು ಮುಚ್ಚಿ ಕೊಳ್ಳೋಣವೇ? ಅದು ಮೌಢ್ಯ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ನ್ಯಾಷನಲ್ ಕಾಲೇಜನ್ನು ಬೆಳಗಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಬರಿಗೈಯಿಂದ ವಿಭೂತಿ ತೆಗೆಯುವವರನ್ನು ಪ್ರಶ್ನಿಸಿದ ಅದೇ ಧೈರ್ಯದಿಂದ, ಹೆಡ್‌ಸೆಟ್ಟಿನಿಂದ ಅಪರಾಧವನ್ನೇ ಅಳಿಸುತ್ತೇವೆನ್ನುವ ಕಂಪನಿಯ ಪ್ರತಿನಿಧಿಯನ್ನೂ ನಾವು ಪ್ರಶ್ನಿಸಬೇಕು: ಎಲ್ಲಿ ಪರೀಕ್ಷಿಸಿದಿರಿ, ಎಷ್ಟು ಮಂದಿಯ ಮೇಲೆ, ನಿಜವಾದ ಬೀದಿಯಲ್ಲಿ ಕಳ್ಳತನ ಇಳಿಯಿತೇ? ಯೂರೋಪಿನ ಬೀದಿಯಲ್ಲಿ ದೊರೆತ ಉತ್ತರವು ಸಂತೆಯ ದಿನ ತುಂಬಿ, ಮರುದಿನ ಬರಿದಾಗುವ ನಮ್ಮ ಬೀದಿಗೆ ಹೊಂದುವುದೆಂದು ಪರೀಕ್ಷಿಸದೆ ನಂಬಲಾಗದು. ಅಲ್ಲದೆ ಇಂದು ಪಟ್ಟಣವಾಸಿಯ ಗಂಟು ಕರಗುತ್ತಿರುವುದು ಕನ್ನದಿಂದ ಮಾತ್ರವಲ್ಲ. ದೂರವಾಣಿಯಲ್ಲಿ ಪೋಲೀಸರ ವೇಷ ಹಾಕಿ, ಡಿಜಿಟಲ್ ಅರೆಸ್ಟ್ ಎಂಬ ಹೆಸರಿನಿಂದ ಬೆದರಿಸಿ ದೋಚುವವರಿಗೆ ಬೀದಿ ದೀಪದ ಭಯವಿಲ್ಲ. ಒಂದೇ ಮದ್ದು ಎಲ್ಲ ರೋಗಕ್ಕೂ ಆಗದು.

ಆದುದರಿಂದ ನಮ್ಮ ಸೂಚನೆಗಳು ಇವು. ಸುರಕ್ಷಿತ ನಗರ ಯೋಜನೆಯ ಮಾದರಿಯನ್ನು ಜಿಲ್ಲೆಯ ಪಟ್ಟಣಗಳಿಗೆ ವಿಸ್ತರಿಸುವ ಮುನ್ನ, ರಾಜ್ಯ ಸರ್ಕಾರದವರು ಒಂದು ಸಣ್ಣ ಊರನ್ನು ಆರಿಸಿಕೊಂಡು, ನಿಲ್ದಾಣದಿಂದ ಬಸ್ಸು ನಿಲ್ಲುವ ಎಡೆಯವರೆಗಿನ ಒಂದು ದಾರಿಯನ್ನು ಕಲ್ಪಿತ ವಾಸ್ತವದಲ್ಲಿ ರಚಿಸಿ ಪರೀಕ್ಷಿಸಲಿ. ಆ ಊರು ತೊಂಡೇಬಾವಿಯಾಗಲೆಂದು ಕೇಳುವ ಹಕ್ಕು ನಮಗಿದೆ. ಆ ದಾರಿಯಲ್ಲಿ ನಿತ್ಯವೂ ನಡೆಯುವ ಹೆಂಗಸರು, ಅಂಗಡಿಯವರು, ಬೀಟಿನ ಪೇದೆಗಳು ಪರೀಕ್ಷೆಯಲ್ಲಿ ಮೊದಲು ಭಾಗವಹಿಸಲಿ. ಸೆರೆಯಲ್ಲಿರುವವರನ್ನು ಕರೆದರೆ ಅವರ ಮನಃಪೂರ್ವಕವಾದ ಸಮ್ಮತಿಯಿಂದ ಮಾತ್ರ ಕರೆಯಲಿ. ಶಿಕ್ಷೆ ಕಡಿತದ ಆಸೆಯನ್ನಾಗಲಿ, ನಿರಾಕರಿಸಿದರೆ ತೊಂದರೆಯ ಭಯವನ್ನಾಗಲಿ ಒಡ್ಡಕೂಡದು. ಪರೀಕ್ಷೆಯಲ್ಲಿ ಕಂಡುಬಂದ ಯಾವ ಸಂಗತಿಯೂ ಯಾವೊಬ್ಬ ವ್ಯಕ್ತಿಯ ವಿರುದ್ಧವೂ ಠಾಣೆಯಲ್ಲಿಯೋ ನ್ಯಾಯಸ್ಥಾನದಲ್ಲಿಯೋ ಉಪಯೋಗಕ್ಕೆ ಬರಕೂಡದೆಂದು ಲಿಖಿತವಾದ ಆಜ್ಞೆಯಾಗಲಿ. ತರಬೇತಿಯ ಬೊಂಬೆಗಳನ್ನು ಪೋಲೀಸರಲ್ಲದವರೂ ಇರುವ ಸಮಿತಿಯೊಂದು ಮೊದಲೇ ನೋಡಿ ಒಪ್ಪಲಿ. ಫಲಿತಾಂಶವು ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಕನ್ನಡದಲ್ಲಿಯೇ ಅಚ್ಚಾಗಿ ಪಂಚಾಯಿತಿಯ ಬಾಗಿಲಿಗೆ ಬರಲಿ. ಪರೀಕ್ಷೆಯಿಂದ ದೀಪ ಬೇಕೆಂದು ತಿಳಿದರೆ, ದೀಪಕ್ಕೆ ಹಣವಿಲ್ಲವೆಂಬ ಉತ್ತರವು ಮಾತ್ರ ಬರಕೂಡದು. ಹಾಗಾದರೆ ಪರೀಕ್ಷೆಯ ಖರ್ಚೂ ದಂಡವೇ.

ಈ ಸೂಚನೆಗಳೆಲ್ಲದರ ಹಿಂದೆ ಇರುವ ತತ್ವವು ಒಂದ���. ಈ ಯಂತ್ರವು ಊರನ್ನು ಪರೀಕ್ಷಿಸಲಿ. ಮನುಷ್ಯನನ್ನು ತೂಗಿ ಅಪರಾಧಿಯೆಂದು ತೀರ್ಮಾನಿಸುವ ಅಧಿಕಾರವು ಅದಕ್ಕೆ ಬೇಡ. ಕತ್ತಲೆಯ ಮೂಲೆ, ಮುರಿದ ಗೋಡೆ, ಬರಿದಾದ ಬೀದಿ, ಎಟುಕದ ಕರೆಗಂಟೆ, ಬಾರದ ಪೇದೆ: ಇವು ಊರಿನ ದೋಷಗಳು, ಇವನ್ನು ಎತ್ತಿ ತೋರಿಸುವ ಕನ್ನಡಿಯು ಎಷ್ಟು ನಿಷ್ಠುರವಾಗಿದ್ದರೂ ನಮಗೆ ಸ್ವಾಗತವೇ. ಬಡವನ ಮುಖದಲ್ಲಿ ಕಳ್ಳನನ್ನು ತೋರಿಸುವ ಕನ್ನಡಿಯನ್ನು ಮಾತ್ರ ನಮ್ಮ ಹಿಂದಿನವರು ಒಡೆದುಹಾಕಿದ್ದಾರೆ. ಅದನ್ನು ಮತ್ತೆ ಜೋಡಿಸಲು ಯಾರಿಗೂ ಅವಕಾಶ ಕೊಡಲಾಗದು. ಪೋಲೀಸು ಇಲಾಖೆಯ ಹಿರಿಯ ಅಧಿಕಾರಿಗಳೂ ಜಿಲ್ಲಾಡಳಿತದವರೂ ಈ ಅಂತರವನ್ನು ಮನಗಂಡು, ಸಣ್ಣದಾಗಿ ಆದರೆ ಪ್ರಾಮಾಣಿಕವಾಗಿ ಒಂದು ಪ್ರಯೋಗಕ್ಕೆ ಕೈಹಾಕುವರೆಂದು ನಾವು ಆಶಿಸುತ್ತೇವೆ. ಮಹಾಜನರೂ ಅಷ್ಟರವರೆಗೆ ಕೈಕಟ್ಟಿ ಕೂರದೆ, ಸಂಜೆಯ ಹೊತ್ತು ತಮ್ಮ ತಮ್ಮ ಬಾಗಿಲುಗಳನ್ನು ತೆರೆದಿಟ್ಟು, ನಿಲ್ದಾಣದಿಂದ ಮರಳುವ ಹೆಣ್ಣುಮಕ್ಕಳ ದಾರಿಯ ಮೇಲೆ ಒಂದು ಕಣ್ಣಿಡಲಿ. ಅದಕ್ಕೆ ಸರ್ಕಾರದ ಮಂಜೂರಾತಿಯೂ ಬೇಕಾಗಿಲ್ಲ, ಯಂತ್ರವೂ ಬೇಕಾಗಿಲ್ಲ.